ಗಂಧದ ಹಾರ

ತೀರಿಕೊಂಡ ಅಪ್ಪಂದಿರನ್ನು ಬೆಳಿಗ್ಗೆಯಿಂದ ರಿಪೇರಿ ಮಾಡಿ ಮಾಡಿ ನನಗೆ ಸುಸ್ತಾಗಿತ್ತು. ಕೊನೆಯ ಮನೆಯ ಕಂಪ್ಯೂಟರಿನಲ್ಲಿ, ಸತ್ತ ಮೇಲೂ ನೋಡುತ್ತಾ ಮಾತಾಡುತ್ತಾ ಉಳಿದಿದ್ದದ್ದು ಶೈಲಜಾ ಅವರ ತಾಯಿ, ರತ್ನಮ್ಮ.

“ಆನ್ ಮಾಡಿದ ತಕ್ಷಣ ಆಫ್ ಆಗಿಬಿಡ್ತಾರೆ ಸರ್. ವರ್ಷದ ತಿಥಿ ಮುಗಿದಾಗಿನಿಂದ ಹೀಗೇ,” ಎಂದರು ಶೈಲಜಾ.

ಪವರ್ ಸಪ್ಲೈ ಬದಲಿಸಿದೆ. ಫ್ಯಾನಿನ ಧೂಳು ಊದಿದೆ. ಆದರೂ ಅದೇ ಕತೆ. ತಿಥಿಯ ದಿನ ಮಾನಿಟರಿಗೆ ಹಾಕಿದ್ದ ಗಂಧದ ಹಾರ ಕ್ಯಾಮೆರಾದ ಮುಂದೆಯೇ ತೂಗುತ್ತಾ, ಪದೇ ಪದೇ ನನ್ನ ಕೈಗೆ ಅಡ್ಡ ಬರುತ್ತಿತ್ತು. ರೇಗಿ ತೆಗೆದಿಟ್ಟು ಮತ್ತೆ ಆನ್ ಮಾಡಿದೆ.

ಈ ಸಲ ಆಫ್ ಆಗಲಿಲ್ಲ.

“ಯಾಕಮ್ಮಾ ಹೀಗೆ ಮಾಡ್ತಿದ್ದೆ?” ಶೈಲಜಾ ಅತ್ತೇಬಿಟ್ಟರು.

“ಎದ್ದ ತಕ್ಷಣ ಎದುರಿಗೆ ಹಾರ ಕಾಣ್ತಿತ್ತು ಕಣೇ,” ಎಂದರು ರತ್ನಮ್ಮ. “ನಿಂಗೂ ಸಾಕಾಯ್ತೇನೋ ಅಂದ್ಕೊಂಡು ಮತ್ತೆ ಕಣ್ಣು ಮುಚ್ಕೊಳ್ತಿದ್ದೆ.”