ಪಟಕ್ಕೊಂದು ಕೆಂಪು ಲಕೋಟೆ

ಇವತ್ತೂ ಪಟ ಕವುಚಿ ಬಿದ್ದಿತ್ತು.

ಉಯೆನ್ ಬಾಗಿಲಲ್ಲೇ ನಿಂತಳು. ಪೂಜೆಯ ಮೇಜಿನ ಮೇಲೆ ಹಣ್ಣು ಹಾಗೇ ಇತ್ತು, ಊದುಬತ್ತಿಯ ಬೂದಿ ಹಾಗೇ ಇತ್ತು. ನಡುವಿನ ಪಟ ಮಾತ್ರ ಮುಖ ಅಡಿಯಾಗಿ ಮಲಗಿತ್ತು. ಹಿಂದೆಯೇ ಬಂದ ಕ್ಯಾಮೆರಾದವನು ಹೊಸ್ತಿಲು ದಾಟಲಿಲ್ಲ.

"ಅಕ್ಕ, ಈ ಮನೇಲಿ ನಿಜವಾಗ್ಲೂ ದೆವ್ವ ಇದೆ."

"ಇದ್ರೆ ಒಳ್ಳೇದೇ ಆಯ್ತು. ಸಂಬಳ ಕೇಳದ ನಟಿ" ಎಂದು ಅವಳು ನಕ್ಕಳು. ಪಟವನ್ನು ಎತ್ತಿ ನಿಲ್ಲಿಸಿದಳು.

ಸಾ ದೆಕ್ ಊರಿನ ನದಿದಂಡೆಯ ಈ ಪಾಳುಮನೆಯನ್ನು ಅವಳು ತನ್ನ ಮೊದಲ ಸಿನಿಮಾಕ್ಕೆ ಹಿಡಿದಿದ್ದಳು. ಹೆತ್ತವಳನ್ನು ಹೊರಗಟ್ಟಿದ ಮಗ, ಸತ್ತ ಮೇಲೆ ಅದೇ ಮನೆಗೆ ಮರಳುವ ತಾಯಿ, ಬೆನ್ನು ಬಿಡದ ಕರ್ಮ. ಕಥೆ ಎಲ್ಲರಿಗೂ ಹಿಡಿಸಿತ್ತು. ಸೆಟ್ಟಿನ ಕೆಲಸ ನೋಡಿಕೊಳ್ಳುವ ಖಾಂಗ್ ಒಬ್ಬನೇ ಈ ಊರು ಬೇಡವೆಂದಿದ್ದ. ಸೆಕೆ, ಸೊಳ್ಳೆ, ಬೇರೆ ಕಡೆ ಹೋಗೋಣ ಎಂದು ದುಂಬಾಲು ಬಿದ್ದಿದ್ದ. ಬಂದ ಮೇಲೂ ಮುಖದ ಮಾಸ್ಕ್ ತೆಗೆಯಲಿಲ್ಲ, ಗೇಟಿನ ಕಡೆ ಸುಳಿಯಲಿಲ್ಲ.

ಸತ್ತ ತಾಯಿಯ ಪಟಕ್ಕೆ ಒಂದು ಮುಖ ಬೇಕಿತ್ತು. ಯಾರೂ ಕೊಡಲೊಲ್ಲರು. ಬದುಕಿರುವವರ ಪಟವನ್ನು ಸತ್ತವರ ಮೇಜಿನ ಮೇಲಿಟ್ಟರೆ ಆಯುಸ್ಸಿಗೇ ಕುತ್ತು. ಕೆಂಪು ಲಕೋಟೆಯಲ್ಲಿ ಪುಡಿಗಾಸಿಟ್ಟು ಪಟದಲ್ಲಿರುವವರಿಗೆ ಕೊಟ್ಟರೆ ಅಪಶಕುನ ಕಳೆಯುತ್ತದೆಂಬ ರೂಢಿಯೇನೋ ಇತ್ತು. ಆದರೂ ದೆವ್ವದ ಪಾತ್ರದ ನಟಿಯೇ ಕೈಮುಗಿದುಬಿಟ್ಟಳು. "ದೆವ್ವ ಆಗ್ತೀನಿ ಅಕ್ಕ, ಪಟ ಮಾತ್ರ ಆಗಲ್ಲ."

ಆಗ ಉಯೆನ್‌ಗೆ ಖಾಂಗ್‌ನ ಪರ್ಸಿನಲ್ಲಿದ್ದ ಹಳೆಯ ಫೋಟೊ ನೆನಪಾಯಿತು. ದೋಣಿಗೆ ಒರಗಿ ನಿಂತ ಹರೆಯದ ಹೆಂಗಸು. ಅವನ ತಾಯಿ. ಟೀಚರ್ ಆಗಿದ್ದಳಂತೆ, ಅವನು ಚಿಕ್ಕವನಿದ್ದಾಗಲೇ ಜ್ವರ ಬಂದು ಹೋದಳಂತೆ. ಉಯೆನ್ ಎಲ್ಲರ ಎದುರೇ ಕೇಳಿದಳು. "ನಿಮ್ಮಮ್ಮನ ಫೋಟೊ ಕೊಡೋ. ಹೇಗೂ ತೀರ್ಕೊಂಡಿದಾರಲ್ಲ."

ಖಾಂಗ್ ಪರ್ಸಿನಿಂದ ಫೋಟೊ ತೆಗೆದು ಕೈಯಲ್ಲೇ ಹಿಡಿದುಕೊಂಡ. ಆಮೇಲೆ, "ಕೆಂಪು ಲಕೋಟೆ ಕೊಡ್ತೀರಾ ಅಕ್ಕ?" ಎಂದ.

ಎಲ್ಲರೂ ಗೊಳ್ಳೆಂದು ನಕ್ಕರು. "ಸತ್ತೋರಿಗೆ ಇನ್ಯಾವ ಅಪಶಕುನನೋ!" ಉಯೆನ್ ಕೂಡ ನಕ್ಕಳು. ನಗುತ್ತಲೇ ಲಕೋಟೆ ಕೊಟ್ಟಳು.

ಮರುದಿನ ಅವಳು ಮಹಡಿಯಿಂದ ಒಂದು ದೃಶ್ಯ ಕಂಡಳು. ಗೇಟಿನ ಬಳಿ ಅಂಟಕ್ಕಿ ಅನ್ನ ಮಾರುವ ಗಾಮ್ ಅಜ್ಜಿ ನೀರಿಗೆಂದು ಆಚೆ ಹೋದದ್ದೇ ತಡ, ಖಾಂಗ್ ಓಡಿಬಂದು ಆ ಲಕೋಟೆಯನ್ನು ಅವಳ ಬುಟ್ಟಿಯೊಳಗೆ ತುರುಕಿ ಮಾಯವಾದ. ತನಗೇ ಗತಿಯಿಲ್ಲ, ದಾನ ಬೇರೆ ಎಂದುಕೊಂಡಳು ಉಯೆನ್.

ಇವತ್ತು ಚಹಾ ಕೊಡಲು ಬಂದ ಖಾಂಗ್‌ನ ಬೆರಳುಗಳನ್ನು ನೋಡಿದಳು. ಊದುಬತ್ತಿಯ ಬೂದಿ. ರಾತ್ರಿ ಮನೆ ಕಾಯುತ್ತಿದ್ದವನು ಅವನೊಬ್ಬನೇ.

"ಪಟ ಕವುಚಿ ಹಾಕ್ತಿರೋದು ನೀನೇನಾ?"

ಅವನು ತಲೆ ತಗ್ಗಿಸಿದ. "ಎಲ್ರೂ ಅಮ್ಮನ ಮುಂದೆ ಊದುಬತ್ತಿ ಹಚ್ತೀರಿ. ನಂಗೆ ನೋಡೋಕಾಗಲ್ಲ ಅಕ್ಕ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು ಉಯೆನ್‌ಗೆ. ತಾಯಿಯ ಋಣದ ಕಥೆ ಹೇಳಲು ಹೊರಟವಳು ತಬ್ಬಲಿ ಹುಡುಗನ ಪರ್ಸಿನಿಂದ ತಾಯಿಯನ್ನು ಕಿತ್ತು ದೆವ್ವ ಮಾಡಿದ್ದಳು, ಸಾಲದ್ದಕ್ಕೆ ನಕ್ಕಿದ್ದಳು. ನಾಚಿಕೆಯಿಂದ ಮುಖವೆಲ್ಲ ಸುಟ್ಟಂತಾಯಿತು. ಆ ಸತ್ತವಳಿಗೆ ಇವತ್ತೇ ಎಡೆ ಇಟ್ಟು, ಎಲ್ಲರ ಎದುರೇ ತಪ್ಪೊಪ್ಪಿಕೊಳ್ಳಬೇಕು. ಖಾಂಗ್‌ಗೆ ಮೊದಲೇ ಹೇಳಿದರೆ ಬೇಡವೆಂದಾನು. ಅವನನ್ನು ಏನೋ ತರಲೆಂದು ಪೇಟೆಗೆ ಅಟ್ಟಿದಳು.

ಅಡಿಗೆಗೆ ಗಾಮ್ ಅಜ್ಜಿಯನ್ನೇ ಕರೆದಳು. ಅಲ್ಲೂ ನಾಚಿಕೆ ಕಾದಿತ್ತು. ಮೊದಲ ದಿನ ಇದೇ ಅಜ್ಜಿಗೆ, "ಈ ವಯಸ್ಸಲ್ಲಿ ಬೀದಿಗೆ ಬಿಟ್ಟಿದಾನಲ್ಲ, ಎಂಥ ಮಗ ಅಜ್ಜಿ ನಿಮ್ಮವ್ನು?" ಎಂದುಬಿಟ್ಟಿದ್ದಳು. "ದೊಡ್ಡ ಕೆಲಸದಲ್ಲಿದಾನೆ ಕಣಮ್ಮ, ಪುರುಸೊತ್ತಿರಲ್ಲ" ಎಂದು ಅಜ್ಜಿ ಎಲೆ ಮಡಿಸುತ್ತ ಹೇಳಿದ್ದಳು.

ಅಜ್ಜಿ ಟೋಪಿ ಕಳಚಿ ಒಳಗೆ ಬಂದಳು. ಪಟದ ಮುಂದೆ ನಿಂತಳು. ತೋಳಿನಿಂದ ಗಾಜು ಒರೆಸಿದಳು.

"ಯಾರಮ್ಮ ಇವ್ಳು?"

"ನಮ್ಮ ಖಾಂಗ್ ಇದಾನಲ್ಲ, ಅವ್ನ ತಾಯಿ. ಟೀಚರ್ ಆಗಿದ್ರು. ಅವ್ನು ಚಿಕ್ಕವನಿದ್ದಾಗ್ಲೇ ತೀರ್ಕೊಂಡ್ರು."

"ಓ, ಟೀಚರಾ." ಅಜ್ಜಿ ಇನ್ನೊಂದು ಬದಿಯೂ ಒರೆಸಿದಳು. "ಏನಾಗಿತ್ತಂತೆ?"

"ಜ್ವರ."

"ಬೇಗ ಹೋದ್ಲು, ಪುಣ್ಯಾತ್ಗಿತ್ತಿ. ಮಡಕೇಲಿ ಮೀನು ಬೇಯಿಸ್ತೀನಿ ಕಣಮ್ಮ, ಮೆಣಸು ಜಾಸ್ತಿ ಹಾಕಿ. ಆ ಮಗನಿಗೆ ಅದೇ ಇಷ್ಟ."

"ನಿಮಗೆ ಹೇಗೆ ಗೊತ್ತು?"

"ಎಲ್ಲ ಮಕ್ಕಳಿಗೂ ಅದೇ ಇಷ್ಟ."

ಮಧ್ಯಾಹ್ನ ಎಲ್ಲರೂ ಮೇಜಿನ ಮುಂದೆ ಸೇರಿದರು. ಬಿಸಿ ಅನ್ನ, ಮಡಕೆಯ ಮೀನು, ಹಾಗಲಕಾಯಿ ಸಾರು. ಉಯೆನ್ ಪಟಕ್ಕೆ ಕೈಮುಗಿದು, "ತಪ್ಪಾಯ್ತು ತಾಯಿ, ನಿಮ್ಮನ್ನ ಆಟದ ಸಾಮಾನು ಮಾಡ್ಕೊಂಡೆ" ಎಂದಳು. ಯಾರೂ ಮುಖವೆತ್ತಲಿಲ್ಲ. ಅಷ್ಟರಲ್ಲಿ ಖಾಂಗ್ ಪೇಟೆಯಿಂದ ಬಂದು ಬಾಗಿಲಲ್ಲಿ ಕಲ್ಲಾಗಿ ನಿಂತ. ಮೀನಿನ ಘಮಕ್ಕೋ ಏನೋ, ಅವನ ಕಣ್ಣು ತುಂಬಿತ್ತು.

"ನೀವೇ ಹಿರಿಯರು ಅಜ್ಜಿ, ಮೊದಲು ನೀವೇ ಹಚ್ಚಿ" ಎಂದು ಉಯೆನ್ ಊದುಬತ್ತಿ ಚಾಚಿದಳು.

ಅಜ್ಜಿ ಬೇಡವೆನ್ನಲಿಲ್ಲ. ಕಡ್ಡಿ ಗೀರಿ ಹಚ್ಚಿದಳು. ಹಣೆಗೆ ಎತ್ತಿ ಹಿಡಿದು ಕಣ್ಣು ಮುಚ್ಚಿದಳು. "ನಿನ್ನ ಮಗ ಚೆನ್ನಾಗಿರ್ಲಿ ಕಣೇ" ಎಂದು ಪಟಕ್ಕೆ ಹೇಳಿದಳು. "ಅವನಿಗೆ ಅವಮಾನ ಆಗೋ ಹಾಗೆ ಮತ್ತೆ ಕಾಣಿಸ್ಕೋಬೇಡ."

ಖಾಂಗ್ ಜನರನ್ನು ತಳ್ಳಿಕೊಂಡು ಬಂದ. ಉರಿಯುತ್ತಿದ್ದ ಊದುಬತ್ತಿಗಳನ್ನು ಬರಿಗೈಯಲ್ಲೇ ಹಿಡಿದು ಕಿತ್ತುಕೊಂಡ. ಮಾಸ್ಕ್ ಕಳಚಿ ಅಜ್ಜಿಯ ಕಾಲಮೇಲೆ ಬಿದ್ದ.

"ಬೇಡಮ್ಮ, ನಿನ್ನ ಪಟಕ್ಕೆ ನೀನೇ ಊದುಬತ್ತಿ ಹಚ್ಚಬೇಡ!"