ತಾಳಕ್ಕೆ ತಲೆಯಾಡಿಸಿದ್ದು

"ರೀ, ಸ್ವಲ್ಪ ಆ ಮೇಜು ಪಕ್ಕಕ್ಕೆ ಸರಿಸಿ. ಮಂಚ ಒಳಗೆ ಬರಬೇಕು."

ಗೊಂಬೆ ಡಾಕ್ಟರು ತಲೆಯೆತ್ತಿದರು. ಈ ಬಿರುದು ಯಾರೋ ಕರೆದು ಕೊಟ್ಟದ್ದಲ್ಲ, ಗೊಂಬೆ ರಿಪೇರಿಯ ಬೋರ್ಡು ಬರೆಸುವಾಗ ತಾವೇ ಕೊಟ್ಟುಕೊಂಡದ್ದು. ಕಣ್ಣಿನ ಭೂತಗನ್ನಡಿ ತೆಗೆದು ನೋಡಿದರೆ ಬಾಗಿಲಲ್ಲಿ ಹೆಂಡತಿ, ಅವಳ ಹಿಂದೆ ಮಂಚ ಹೊತ್ತ ಇಬ್ಬರು ಆಳುಗಳು.

"ಯಾವ ಮಂಚ? ಯಾರಿಗೆ?"

"ಅಮ್ಮನಿಗೆ. ನೀವೇ ಒಪ್ಪಿದ್ರಲ್ಲ! ಕಣ್ಣು ಮಂಜಾಗಿದೆ, ಅಣ್ಣನ ಮನೆ ಮೆಟ್ಟಿಲಲ್ಲಿ ಎಡವಿ ಬಿದ್ದಳು, ಇಲ್ಲಿಗೇ ಕರ್ಕೊಂಡು ಬರಲಾ ಅಂತ ಕೇಳಿದೆ. ತಲೆಯಾಡಿಸಿದ್ರಿ. ಈ ಕಿಟಕಿ ಕೋಣೆ ಕೊಡೋಣ್ವಾ ಅಂದೆ. ಇನ್ನೂ ಜೋರಾಗಿ ಆಡಿಸಿದ್ರಿ. ನಮ್ಮ ಯಜಮಾನ್ರು ಅಪ್ಪಟ ಚಿನ್ನ ಅಂತ ಅಮ್ಮನ ಮುಂದೆ ಹೊಗಳಿದ್ದೇ ಹೊಗಳಿದ್ದು."

ಡಾಕ್ಟರು ಮೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಈ ಕಿಟಕಿಯ ಬೆಳಕಿಲ್ಲದೆ ತಮ್ಮ ಡಾಕ್ಟರಿಕೆ ನಡೆಯುವುದುಂಟೆ? ಮೇಜಿನ ಮೇಲಿದ್ದ ಹಳೇ ಕಾಲದ ಗೊಂಬೆಯನ್ನು ನೋಡಿದರು. ಕೀಲಿ ಕೊಟ್ಟರೆ ಅದರ ಹೊಟ್ಟೆಯಿಂದ ಹಾಡು ಬರುತ್ತದೆ, ಗೊಂಬೆ ಪಿಟೀಲು ಬಾರಿಸುತ್ತ ತಲೆದೂಗುತ್ತದೆ. ಈಚೆಗೆ ಹಾಡಿಗೂ ತಲೆಗೂ ತಾಳ ತಪ್ಪಿತ್ತು. ಎಲ್ಲಿ ತಪ್ಪುತ್ತಿದೆ ಎಂದು ಹಿಡಿಯಲು ವಾರವಿಡೀ ಅದರ ಜೊತೆ ತಾವೂ ತಲೆಯಾಡಿಸುತ್ತ ಕೂತಿದ್ದರು. ಬೆನ್ನ ಹಿಂದೆ ಹೆಂಡತಿ ಮಾತಾಡುತ್ತಿದ್ದದ್ದು ಯಾರಿಗೆ ಗೊತ್ತು!

"ಅದು ನಿನಗೆ ಆಡಿಸಿದ್ದಲ್ಲ ಕಣೇ, ಗೊಂಬೆಗೆ!"

ಹೆಂಡತಿಯ ಮುಖ ಬಾಡಿತು. "ಸರಿ. ಈಗ ಗೊಂಬೆ ನಿಂತಿದೆ, ಈಗ ಕೇಳ್ತೀನಿ. ಅಮ್ಮ ಇಲ್ಲಿರ್ಲಾ, ವಾಪಸ್ ಕಳಿಸ್ಲಾ?"

ಹೊರಗಿನ ಕುರ್ಚಿಯಲ್ಲಿ ಅತ್ತೆ ಬಟ್ಟೆಗಂಟನ್ನು ಅಪ್ಪಿಕೊಂಡು ಕೂತಿದ್ದರು. ಎಲ್ಲ ಕೇಳಿಸಿರಬೇಕು, ಗಂಟನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಡಾಕ್ಟರಿಗೆ ತಮ್ಮ ಮೇಲೇ ನಾಚಿಕೆಯಾಯಿತು. ಆಹಾ, ಮರದ ಗೊಂಬೆಗೆ ವಾರವಿಡೀ ಕಿವಿಗೊಟ್ಟ ಮಹಾನುಭಾವ! ಕಿಟಕಿಯನ್ನೊಮ್ಮೆ ನೋಡಿದರು. ಆಮೇಲೆ ಬಾಗಿಲ ಕಡೆ ತಿರುಗಿ, ನಿಧಾನವಾಗಿ ತಲೆಯಾಡಿಸಿದರು.

"ಅಳಿಯಂದ್ರು ಏನಂದ್ರೇ?" ಅತ್ತೆ ಮಗಳನ್ನು ಕೇಳಿದರು. "ನಂಗೇನೂ ಕಾಣಲ್ಲ."

ಡಾಕ್ಟರು ಗಂಟಲು ಸರಿಮಾಡಿಕೊಂಡರು. ಎಣ್ಣೆ ಕಾಣದ ಚಕ್ರದ ಹಾಗೆ ದನಿ ಕಿರುಗುಟ್ಟಿತು. "ಬನ್ನಿ ಅತ್ತೆ, ಒಳಗೆ ಬನ್ನಿ. ಈ ಕೋಣೆ ನಿಮ್ಮದೇ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು.

"ನೋಡಮ್ಮಾ, ಬರೀ ತಲೆಯಾಡಿಸೋದೊಂದೇ ಬರೋದು ಅಂದ್ಕೊಂಡಿದ್ದೆ. ಇವರ ಹೊಟ್ಟೇಲೂ ಹಾಡಿದೆ!"