ಎಂಟು ಸಲ ಕಟ್ಟಿದ ಲೇಸು

ಬೂಟಿನ ಲೇಸು ಕಟ್ಟಲು ಚಂಪಾ ಆರನೆಯ ಸಲ ಬಗ್ಗಿದಾಗ ದೇವೇಂದ್ರಪ್ಪನಿಗೆ ನಗು ಬಂತು. ನಗುವುದಕ್ಕೂ ಉಸಿರು ಬೇಕಲ್ಲ. ಪಕ್ಕದ ಬಂಡೆಗೆ ಕೈಯೂರಿ ಮೊದಲು ಅದನ್ನು ಒಟ್ಟುಮಾಡಿಕೊಂಡ.

“ಇಪ್ಪತ್ತಾರು ವರ್ಷದಿಂದ ಬಾಣಂತಿಯರ ಹೊಟ್ಟೆ ಹೊಲೀತಿದೀಯ. ಒಂದು ಲೇಸು ನೆಟ್ಟಗೆ ಕಟ್ಟೋಕೆ ಬರಲ್ವಾ?”

“ಅವರನ್ನ ಯಾರೂ ಗುಡ್ಡ ಹತ್ತಿಸಲ್ಲ ರೀ,” ಎಂದಳು ಚಂಪಾ, ತಲೆಯೆತ್ತದೆ.

ಅವನಿಗೆ ಹೃದಯದ ಬೈಪಾಸ್ ಆಗಿ ಹದಿನಾಲ್ಕು ವಾರವಾಗಿತ್ತು. ಬೆಳಿಗ್ಗೆ ಇಂಗ್ಲೆಂಡಿನ ಲೀಡ್ಸ್ ಊರು ಬಿಡುವಾಗಲೇ ಕಾರಿನಲ್ಲಿ ಷರತ್ತು ಹಾಕಿದ್ದ: ಗುಡ್ಡದ ಮೇಲಿನ ಕೆರೆಯವರೆಗೆ ಎಲ್ಲೂ ಸುಸ್ತಾಗಿ ನಿಲ್ಲದೆ ಹತ್ತಿದರೆ ಸೋಮವಾರದಿಂದ ಮತ್ತೆ ತನ್ನ ಕ್ಲಿನಿಕ್ಕಿನ ಕೆಲಸ. ಒಂದೇ ಒಂದು ಸಲ ನಿಂತರೂ ರಾಜೀನಾಮೆ. ರೋಗಿಯೆದುರು ಏದುಸಿರು ಬಿಡುವ ಡಾಕ್ಟರು ಯಾರಿಗೆ ಬೇಕು? ಚಂಪಾ ರೋಡ್ ಮ್ಯಾಪನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದಳು, ಅಷ್ಟೆ.

ದಾರಿ ಕಡಿದಾದಲ್ಲೆಲ್ಲ ಅವಳ ಲೇಸು ಕೈಕೊಡುತ್ತಿತ್ತು. ಅವಳು ಬಗ್ಗಿದರೆ ಅವನು ಕಾಯಲೇಬೇಕು. ಕಾಯುವುದೆಂದರೆ ಸುಸ್ತಾಗಿ ನಿಲ್ಲುವುದಲ್ಲ, ಎಂದು ತನಗೆ ತಾನೇ ಹೇಳಿಕೊಂಡು ಅವನು ಕಂದುಬಣ್ಣಕ್ಕೆ ತಿರುಗುತ್ತಿದ್ದ ಜರೀಗಿಡಗಳನ್ನು, ಅವುಗಳ ನಡುವಿನ ಕುರಿಗಳನ್ನು ನೋಡುತ್ತಿದ್ದ. ಎದೆ ತಹಬಂದಿಗೆ ಬರುತ್ತಿತ್ತು. ಸರಿಯಾಗಿ ಆಗಲೇ ಅವಳು ಏಳುತ್ತಿದ್ದಳು.

ಎಂಟನೆಯ ಸಲವೂ ಆಗಿ ದಿಣ್ಣೆ ದಾಟಿದರೆ ಎದುರಿಗೇ ಕೆರೆ. ಕಪ್ಪು ನೀರು, ಸೆಪ್ಟೆಂಬರಿನ ತೆಳು ಬಿಸಿಲು.

“ಒಂದು ಸಲಾನೂ ನಿಲ್ಲಲಿಲ್ಲ, ನೋಡಿದ್ಯಾ?”

“ನೋಡಿದೆ.”

ಹಿಗ್ಗಿನಲ್ಲಿ ಅವನು ಅವಳೆದುರು ಮಂಡಿಯೂರಿದ. “ನೀರಲ್ಲಿ ಕಾಲಿಡಬೇಕು ಅಂತಿದ್ಯಲ್ಲ, ಕೊಡು, ನಾನೇ ಬಿಚ್ತೀನಿ.”

“ಅಯ್ಯೋ, ಬೇಡ ಬಿಡಿ.” ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಅಷ್ಟರಲ್ಲಿ ಬೂಟು ಅವನ ಕೈಯಲ್ಲಿತ್ತು.

ಲೇಸಿಗೆ ಒಂದರ ಮೇಲೊಂದು ಮೂರು ಗಂಟು ಬಿದ್ದಿದ್ದವು, ಆಪರೇಷನ್ ಥಿಯೇಟರಿನ ಬಿಗಿ ಗಂಟು. ಹತ್ತುವ ಮೊದಲು ಕೆಳಗಿನ ಗೇಟಿನ ಬಳಿ ತುಳಿದ ಕೆಸರು ಅದರ ಮೇಲೆ ಒಣಗಿ ಗಟ್ಟಿಯಾಗಿತ್ತು; ಎಲ್ಲೂ ಒಂದು ಬಿರುಕಿಲ್ಲ. ಇನ್ನೊಂದು ಬೂಟು ನೋಡಿದ. ಅದೂ ಹಾಗೆಯೇ.

ಉಗುರಿನಿಂದ ಕೆಸರು ಕೆರೆದು, ಗಂಟು ಬಿಡಿಸಲು ಬಹಳ ಹೊತ್ತು ಹಿಡಿಯಿತು. ಅವಳು ನೀರಿನಲ್ಲಿ ಕಾಲಿಟ್ಟು ಚಳಿಗೆ ಭುಜ ಕುಗ್ಗಿಸಿದಳು. ಒಂದೇ ಡಬ್ಬಿಯಿಂದ ಮೊಸರನ್ನ ತಿಂದರು.

ಹೊರಡುವಾಗ ಅವನು ತನ್ನ ಕರವಸ್ತ್ರದಿಂದ ಅವಳ ಪಾದ ಒರೆಸಿ, ಬೂಟು ತೊಡಿಸಿ, ಲೇಸಿಗೆ ಒಂದೇ ಒಂದು ಸಡಿಲ ಗಂಟು ಹಾಕಿದ.

“ಮತ್ತೆ ಸೋಮವಾರ?” ಎಂದಳು ಚಂಪಾ.

“ಅರ್ಧ ದಿನ ಹೋಗಿ ನೋಡ್ತೀನಿ.”

ಅವಳು ಬಗ್ಗಿ ಬೂಟು ನೋಡಿಕೊಂಡಳು. “ಇದು ನೂರು ಹೆಜ್ಜೆಗೆ ಬಿಚ್ಚಿಹೋಗುತ್ತೆ ರೀ.”

“ಹೋಗಲಿ ಬಿಡು,” ಎಂದ ದೇವೇಂದ್ರಪ್ಪ, ಏಳಲು ಅವಳತ್ತ ಕೈ ಚಾಚುತ್ತ. “ಇಳಿಯೋವಾಗಲೂ ನನಗೆ ಸುಸ್ತಾಗುತ್ತೆ.”